ಯಂತ್ರ ಯಾರದು, ದುಡಿಮೆ ಯಾರದು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಕಾಲ ಬದಲಾಗಿದೆ, ಇನ್ನೂ ಜಾತಿ ಜಾತಿ ಅಂತೀರಲ್ಲ, ಕಂಪ್ಯೂಟರಿಗೆ ಜಾತಿ ಗೊತ್ತಾ ಅಂತ ನಿಮ್ಮ ಕಾಲೇಜಿನಲ್ಲಿ ಕೇಳುವವರಿದ್ದಾರೆ. ಕಂಪ್ಯೂಟರಿಗೆ ಜಾತಿ ಗೊತ್ತಿಲ್ಲ, ನಿಜ. ನೇಗಿಲಿಗೂ ಗೊತ್ತಿರಲಿಲ್ಲ. ಆದರೆ ನೇಗಿಲು ಹಿಡಿದವನು ಯಾರು, ಹೊಲ ಯಾರದು, ಕಣದ ರಾಶಿ ಯಾರ ಹಗೇವಿಗೆ ಹೋಯಿತು ಅನ್ನುವುದರಲ್ಲಿ ಜಾತಿ ಇತ್ತು. ಯಾವ ಹೊಸ ಯಂತ್ರ ಬಂದರೂ ನಾವು ಕೇಳಬೇಕಾದದ್ದು ಮೂರೇ ಪ್ರಶ್ನೆ. ದುಡಿಯುವವರು ಯಾರು? ಯಜಮಾನ ಯಾರು? ತೀರ್ಮಾನ ಮಾಡುವವರು ಯಾರು?

ದೂರದ ಉದಾಹರಣೆ ಬೇಡ. ಕೋಲಾರದ ಚಿನ್ನದ ಗಣಿಯನ್ನೇ ತಗೊಳ್ಳಿ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಅಲ್ಲಿ ಚಿನ್ನ ತೆಗೆಯಲು ಶುರು ಮಾಡಿತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತೆಗೆದು, ಸುಮಾರು 90 ಮೈಲಿ ತಂತಿ ಎಳೆದು ಗಣಿಗೆ ತಂದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅಂದರೆ ಆ ಕಾಲದ ಹೊಚ್ಚ ಹೊಸ ತಂತ್ರಜ್ಞಾನ ಬೆಂಗಳೂರಿಗಿಂತ ಮೊದಲು ಬಂದದ್ದು ದಲಿತರು ದುಡಿಯುವ ಜಾಗಕ್ಕೆ. ಯಾತಕ್ಕೆ? ಚಿನ್ನ ಎತ್ತಲಿಕ್ಕೆ. ಲೈನ್ ಮನೆಗಳ ಕತ್ತಲೆ ಕಳೆಯಲಿಕ್ಕಲ್ಲ.

ಗಣಿಗೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ದಲಿತರು. ಊರಿನಲ್ಲಿ ಬರ, ಸಾಲ, ಬಿಟ್ಟಿ ಚಾಕರಿ. ಇಲ್ಲಿ ಕೈಗೆ ಕಾಸು ಬಂತು. ಜಮೀನ್ದಾರನ ಅಂಗಳದಲ್ಲಿ ಕೈಕಟ್ಟಿ ನಿಲ್ಲುವುದು ತಪ್ಪಿತು. ಇದು ಸಣ್ಣ ಮಾತಲ್ಲ. ಆದರೆ ಈ ಕಾಸಿಗೆ ತೆತ್ತದ್ದೇನು? ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಸುಡುವ ಬಂಡೆ. ಇದ್ದಕ್ಕಿದ್ದಂತೆ ಸಿಡಿಯುವ ಕಲ್ಲು. ಶ್ವಾಸಕೋಶಕ್ಕೆ ಹೊಕ್ಕು ಕೂತ ಕಲ್ಲಿನ ಧೂಳು. ಲಾಭ ಹಡಗು ಹತ್ತಿ ಹೋಯಿತು, ಕೆಮ್ಮು ಲೈನ್ ಮನೆಯಲ್ಲೇ ಉಳಿಯಿತು.

ಇನ್ನೊಂದು ವಿಷಯ. 1930ರಲ್ಲಿ ಗಣಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟರು. ಬೆರಳಚ್ಚು ಆ ಕಾಲದ ಹೊಸ ವಿದ್ಯೆ. ನಾವೇನು ಕಳ್ಳರಾ ಅಂತ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿ ಕೂತರು. ಯಂತ್ರದ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ತಮ್ಮನ್ನು ಕೇಳದೆ ತಮ್ಮ ಮೈಯನ್ನೇ ದಾಖಲೆ ಮಾಡಿಕೊಳ್ಳುವ ಅಧಿಕಾರದ ಮೇಲೆ ಸಿಟ್ಟಿತ್ತು. ಇವತ್ತು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸ್ತಾರೆ. ಕೂಲಿ ಮಾಡಿ ಮಾಡಿ ಗೆರೆ ಸವೆದ ಬೆರಳನ್ನು ಮೆಷಿನ್ನು ಒಪ್ಪದಿದ್ದರೆ ತಪ್ಪು ಮೆಷಿನ್ನಿನದಲ್ಲ, ಮುದುಕಿಯದು! ಓದು ಬರಹ ಇಲ್ಲದ ಆ ಗಣಿ ಕಾರ್ಮಿಕರು ಕೇಳಿದ ಪ್ರಶ್ನೆಯನ್ನು ಡಿಗ್ರಿ ಓದುವ ನಾವು ಕೇಳ್ತಾ ಇದ್ದೀವಾ?

1956ರಲ್ಲಿ ಗಣಿ ಮೈಸೂರು ಸರ್ಕಾರಕ್ಕೆ ಬಂತು, ಆಮೇಲೆ ಕೇಂದ್ರಕ್ಕೆ ಹೋಯಿತು. ದುಡಿಯುವವರೂ ದೇಶದ ಯಜಮಾನರು ಅನ್ನುವ ಆಸೆ ಹುಟ್ಟಿತ್ತು. 1991ರಲ್ಲಿ ಹೊಸ ಆರ್ಥಿಕ ನೀತಿ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿತ್ತು, ಖರ್ಚು ಏರಿತ್ತು. ಅದು ಸುಳ್ಳಲ್ಲ. ಗಣಿಗೆ ಆಯುಸ್ಸು ಇರುತ್ತೆ. ಆದರೆ ಕಾರ್ಮಿಕರ ಮಕ್ಕಳಿಗೂ ಆಯುಸ್ಸು ಇದೆಯಲ್ಲ? ನೂರು ವರ್ಷ ಚಿನ್ನ ಕೊಟ್ಟ ಊರಿಗೆ ಉಳಿದದ್ದು ಸೈನೈಡ್ ಮಣ್ಣಿನ ಗುಡ್ಡ, ಗಾಳಿ ಬಂದರೆ ಮನೆಯೊಳಗೆ ಬೀಳುವ ಧೂಳು, ಬೆಳಗಿನ ಜಾವ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ರೈಲು.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಸಂವಿಧಾನದ 16(4)ನೇ ವಿಧಿ ಮೀಸಲಾತಿಗೆ ದಾರಿ ಮಾಡಿರುವುದು ಸರ್ಕಾರದ ಹುದ್ದೆಗಳಲ್ಲಿ ಮಾತ್ರ. ಕಾರ್ಖಾನೆ ಖಾಸಗಿಯಾದರೆ, ಹುದ್ದೆ ಗುತ್ತಿಗೆಯಾದರೆ ಮೀಸಲಾತಿ ರದ್ದು ಮಾಡುವ ಕಾನೂನೇ ಬೇಕಾಗಿಲ್ಲ. ಅದು ತಾನಾಗಿ ಒಣಗುತ್ತೆ. ಬಾವಿಗೆ ಬೀಗ ಹಾಕೋದು ಬೇಡ, ನೀರು ಬೇರೆ ಕಡೆ ತಿರುಗಿಸಿದರೆ ಸಾಕು.

ಖಾಸಗಿಯಲ್ಲಿ ಮೀಸಲಾತಿ ಸಾಧ್ಯವಿಲ್ಲ ಅಂತಾರೆ. 2005ರ 93ನೇ ತಿದ್ದುಪಡಿಯಿಂದ ಖಾಸಗಿ ಕಾಲೇಜಿನ ಪ್ರವೇಶದಲ್ಲಿ ಸಾಧ್ಯವಾಯಿತಲ್ಲ? 2019ರಲ್ಲಿ ಮೇಲ್ಜಾತಿಯ ಬಡವರಿಗೆ ಶೇಕಡಾ 10 ಕೊಡುವ ತಿದ್ದುಪಡಿ ಜನವರಿ 8 ಮತ್ತು 9, ಎರಡೇ ದಿನದಲ್ಲಿ ಎರಡೂ ಸದನ ದಾಟಿತಲ್ಲ? ಮನಸ್ಸಿದ್ದರೆ ಆಗುತ್ತೆ. ಆದರೆ 2024ರ ಜುಲೈನಲ್ಲಿ ನಮ್ಮ ರಾಜ್ಯದ ಸಂಪುಟ ಖಾಸಗಿ ಕೆಲಸದಲ್ಲಿ ಸ್ಥಳೀಯರಿಗೆ ಪಾಲು ಕೊಡುವ ಮಸೂದೆ ಒಪ್ಪಿ, ಉದ್ಯಮಿಗಳು ಕೂಗೆಬ್ಬಿಸಿದ ಕೂಡಲೇ ತಡೆಹಿಡಿಯಿತು. ವೋಟು ಹಾಕುವವರು ಒಬ್ಬರು, ತೀರ್ಮಾನ ಮಾಡುವವರು ಇನ್ನೊಬ್ಬರು.

ಹಾಗಂತ ನಾವು ಯಂತ್ರದ ವೈರಿಗಳಲ್ಲ. ಬಾಬಾಸಾಹೇಬರು ಯಂತ್ರ ಬೇಕು ಅಂದವರು. ಯಂತ್ರವಿಲ್ಲದಿದ್ದರೆ ದುಡಿಯುವವನಿಗೆ ಬಿಡುವಿಲ್ಲ, ಬಿಡುವಿಲ್ಲದಿದ್ದರೆ ಓದಿಲ್ಲ, ಯೋಚನೆ ಇಲ್ಲ ಅನ್ನುವುದು ಅವರ ವಾದ. 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ, ನೀರಾವರಿ, ವಿದ್ಯುತ್ ಖಾತೆ ನೋಡಿಕೊಂಡು ದಾಮೋದರ ಕಣಿವೆ ಯೋಜನೆಗೆ ದುಡಿದವರು ಅವರು. 1947ರಲ್ಲಿ ಸಂವಿಧಾನ ಸಭೆಗೆಂದು ಬರೆದ ಮನವಿಯಲ್ಲಿ ಮೂಲ ಕೈಗಾರಿಕೆಗಳೂ ಭೂಮಿಯೂ ಸರ್ಕಾರದ ಒಡೆತನಕ್ಕೆ ಬರಬೇಕು ಅಂದರು. ಯಂತ್ರ ಬೇಕು, ಯಜಮಾನಿಕೆಯೂ ಬದಲಾಗಬೇಕು. ಎರಡನ್ನೂ ಒಟ್ಟಿಗೆ ಹೇಳಿದರು. ಮೊದಲ ಮಾತು ಹಿಡಿದು ಎರಡನೆಯದು ಬಿಟ್ಟರೆ ಏನಾಗುತ್ತೆ ಗೊತ್ತಾ? 2023ರ ಆಗಸ್ಟಿನಲ್ಲಿ ನಮ್ಮ ನೌಕೆ ಚಂದ್ರನ ಮೇಲೆ ಇಳಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಬೇಕಾಯಿತು. ಚಂದ್ರನಿಗೆ ಯಂತ್ರ, ಮ್ಯಾನ್‌ಹೋಲಿಗೆ ಮನುಷ್ಯ.

ಗೆಳೆಯರೆ, ಕಂಪ್ಯೂಟರ್ ಕಲಿಯಿರಿ, ಚೆನ್ನಾಗಿ ಕಲಿಯಿರಿ. ಜೊತೆಗೆ ಬಜೆಟ್ ಓದೋದು ಕಲಿಯಿರಿ. ನಿಮ್ಮ ಊರಿನ ಪುರಸಭೆಗೆ ಹೋಗಿ ಕೇಳಿ, ಚರಂಡಿ ಯಂತ್ರ ಎಷ್ಟಿದೆ, ಗುತ್ತಿಗೆ ಯಾರದು, ಕೂಲಿ ಎಷ್ಟು ಅಂತ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹಾಸ್ಟೆಲಿನಲ್ಲಿ ವಾರಕ್ಕೊಂದು ಸಂಜೆ ಸೇರಿ 16(4)ನೇ ವಿಧಿಯನ್ನೂ 93ನೇ ತಿದ್ದುಪಡಿಯನ್ನೂ ಪಕ್ಕಪಕ್ಕ ಇಟ್ಟು ಓದಿ. ಖಾಸಗಿ ಉದ್ಯೋಗದಲ್ಲಿ ಮೀಸಲಾತಿ ಅನ್ನುವುದು ಭಿಕ್ಷೆಯ ಮಾತಲ್ಲ. ಖಾಸಗಿಯವರು ಕಟ್ಟಿದ್ದು ಸರ್ಕಾರ ಕೊಟ್ಟ ನೆಲದಲ್ಲಿ, ನಮ್ಮವರು ಎಳೆದ ತಂತಿಯ ವಿದ್ಯುತ್ತಿನಲ್ಲಿ. ಪಾಲು ಕೇಳುವುದು ನ್ಯಾಯ.

ಯಂತ್ರದ ಗುಂಡಿ ಒತ್ತುವ ಬೆರಳು ನಮ್ಮದಾದರೆ ಸಾಲದು. ಅದು ಯಾರಿಗಾಗಿ ತಿರುಗಬೇಕು ಅಂತ ತೀರ್ಮಾನಿಸುವ ಬಾಯಿಯೂ ನಮ್ಮದಾಗಬೇಕು.

ಜೈ ಭೀಮ್.