ಮಾತ್ರೆ ನುಂಗಿದ ಮೇಲೂ ಉಳಿಯುವ ಉರಿ



ಎಚ್‌ಐವಿ ಅಂದ ಕೂಡಲೇ ನಮ್ಮ ಮದುಕ್ಕರೈ ಕಡೆ ಈಗಲೂ ದನಿ ತಗ್ಗುತ್ತೆ. ನಾನು ಜೋರಾಗಿಯೇ ಮಾತಾಡ್ತೀನಿ. 1986ರಲ್ಲಿ ಚೆನ್ನೈಯಲ್ಲೇ ಡಾಕ್ಟರ್ ಸುನೀತಿ ಸಾಲೊಮನ್ ಅವರ ತಂಡ ಈ ದೇಶದ ಮೊದಲ ಸೋಂಕುಗಳನ್ನು ಪತ್ತೆ ಮಾಡಿತು. ಆಗ ಅದು ಸಾವಿನ ಚೀಟಿ. 2004ರ ಏಪ್ರಿಲ್‌ನಿಂದ ಸರ್ಕಾರ ಮಾತ್ರೆಯನ್ನು ಪುಕ್ಕಟೆ ಕೊಡೋಕೆ ಶುರು ಮಾಡಿತು. ಈಗ ಕೊಯಮತ್ತೂರು ಜಿ.ಎಚ್.ನಲ್ಲೇ ಸಿಗುತ್ತೆ. ಮಾತ್ರೆ ತಪ್ಪಿಸದವರು ದುಡೀತಾರೆ, ಮೊಮ್ಮಕ್ಕಳನ್ನೂ ನೋಡ್ತಾರೆ.

ಆದರೆ ಇನ್ನೊಂದು ವಿಷಯ ಹೇಳೋರು ಕಮ್ಮಿ. ಕಾಲಿಗೆ ಮುಳ್ಳು ಚುಚ್ಚಿದರೆ ಕೆಂಪಾಗಿ ಊದಿ ಬಿಸಿಯಾಗುತ್ತಲ್ಲ, ಅದೇ ಉರಿಯೂತ. ಮುಳ್ಳು ತೆಗೆದರೆ ಇಳಿಯುತ್ತೆ. ಎಚ್‌ಐವಿಯ ಮುಳ್ಳು ಪೂರ್ತಿ ಹೊರಗೆ ಬರೋದಿಲ್ಲ. ರಕ್ತದಲ್ಲಿ ವೈರಸ್ ಕಾಣದಷ್ಟು ಕಮ್ಮಿಯಾದರೂ ಕೆಲವು ಜೀವಕೋಶಗಳಲ್ಲಿ ಅಡಗಿರುತ್ತೆ. ಸೋಂಕು ತಗುಲಿದ ಮೊದಲ ವಾರಗಳಲ್ಲೇ ಅದು ಕರುಳಿನ ಕಾವಲನ್ನು ಕೆಡಿಸಿರುತ್ತೆ; ಅಲ್ಲಿಂದ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರುತ್ತವೆ. ಹೀಗೆ ದೇಹ ವರ್ಷಾನುಗಟ್ಟಲೆ ಬೂದಿ ಮುಚ್ಚಿದ ಕೆಂಡದ ಹಾಗೆ ಉರೀತಾನೇ ಇರುತ್ತೆ. ಜ್ವರವಿಲ್ಲ, ನೋವಿಲ್ಲ, ಆದರೆ ರಕ್ತನಾಳ ಕೆಡುತ್ತೆ. ಹೃದಯಾಘಾತದ ಅಪಾಯ ಉಳಿದವರಿಗಿಂತ ಒಂದೂವರೆಯಿಂದ ಎರಡು ಪಟ್ಟು.

“ಮೈ ಚೆನ್ನಾಗಿದೆಯಲ್ಲ, ಮಾತ್ರೆ ಯಾಕೆ?” ಅನ್ನೋರಿಗೆ 2006ರಲ್ಲೇ ಉತ್ತರ ಸಿಕ್ಕಿದೆ. ಸ್ಮಾರ್ಟ್ ಅನ್ನೋ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರಿದ್ದರು. ಮಾತ್ರೆ ನಡುನಡುವೆ ನಿಲ್ಲಿಸಿದವರಲ್ಲಿ ಸಾವೂ ಹೆಚ್ಚು, ಹೃದಯ, ಕಿಡ್ನಿ, ಲಿವರ್ ತೊಂದರೆಯೂ ಹೆಚ್ಚು. 2023ರಲ್ಲಿ ರಿಪ್ರೀವ್ ಅನ್ನೋ ಇನ್ನೊಂದು ಅಧ್ಯಯನ ಬಂತು: 40ರಿಂದ 75 ವಯಸ್ಸಿನ 7,769 ಜನ, ನಮ್ಮ ದೇಶದವರೂ ಸೇರಿ. ಪಿಟಾವಾಸ್ಟಾಟಿನ್ ಅನ್ನೋ ಕೊಬ್ಬಿಳಿಸುವ ಮಾತ್ರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯವನ್ನು ಶೇಕಡ 35ರಷ್ಟು ತಗ್ಗಿಸಿತು. ಅಂಥ ಮಾತ್ರೆ ನಿಮಗೆ ಬೇಕೋ ಬೇಡವೋ, ಡಾಕ್ಟರನ್ನೇ ಕೇಳಿ. ಬಿ.ಪಿ., ಶುಗರ್ ನೋಡಿಸಿ. ಬೀಡಿ ಬಿಡೋಕೆ ಮಾತ್ರ ಯಾರ ಚೀಟಿಯೂ ಬೇಡ! ಎದೆ ಹಿಂಡಿದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ.

ಮಾತ್ರೆ ತಪ್ಪೋದು ಬರೀ ಮರೆವಿನಿಂದಲ್ಲ. ಅಕ್ಕಪಕ್ಕದವರು ಡಬ್ಬಿ ನೋಡಿಬಿಟ್ಟಾರು ಅನ್ನೋ ಹೆದರಿಕೆಯಿಂದ. ಬೇರೆ ಲೋಟದಲ್ಲಿ ಟೀ ಕುಡಿದ ಅವಮಾನ ನಮ್ಮ ಹಿರಿಯರಿಗೆ ಗೊತ್ತು. ನಮ್ಮ ಬೀದಿಯಲ್ಲೇ ಒಬ್ಬರಿಗೆ ತಟ್ಟೆ ಬೇರೆ ಇಡೋದು ಯಾವ ನ್ಯಾಯ? ಒಟ್ಟಿಗೆ ಉಂಡರೆ, ಕೈ ಹಿಡಿದರೆ ಇದು ಹರಡೋದಿಲ್ಲ. 2017ರ ಕಾನೂನಿನ ಪ್ರಕಾರ ಆಸ್ಪತ್ರೆಯವರಾಗಲಿ ಕೆಲಸ ಕೊಟ್ಟವರಾಗಲಿ ಒಪ್ಪಿಗೆಯಿಲ್ಲದೆ ಗುಟ್ಟು ಬಿಡುವ ಹಾಗಿಲ್ಲ, ಸೋಂಕಿನ ಕಾರಣಕ್ಕೆ ಭೇದ ಮಾಡುವ ಹಾಗೂ ಇಲ್ಲ. ಸಂಘದ ಹುಡುಗರು ಜಿ.ಎಚ್.ಗೆ ಯಾರ ಜೊತೆಗಾದರೂ ಹೋದರೆ ಅಲ್ಲಿ ಕಂಡ ಮುಖಗಳನ್ನು ಅಲ್ಲೇ ಬಿಟ್ಟು ಬನ್ನಿ. ಕೇಳೋಕೆ ಸಂಕೋಚ ಇರೋರು 1097ಕ್ಕೆ ಫೋನ್ ಮಾಡಿ, ಕಾಸಿಲ್ಲ.