ಟ್ಯೂಬಿನೊಳಗೆ ಏನಿದೆ? ಚರ್ಮರೋಗ ಮತ್ತು ವಿವೇಕದ ಔಷಧ ಬಳಕೆ



ಚರ್ಮದ ಕಾಯಿಲೆಯನ್ನು ನಾವು ಕಾಯಿಲೆ ಎಂದು ಲೆಕ್ಕಕ್ಕೇ ಇಡುವುದಿಲ್ಲ. ತುರಿಕೆ ಬಂದರೆ ಊರಿನಿಂದ ತಂದ ಟ್ಯೂಬ್ ಇದೆ, ಇಲ್ಲವಾದರೆ ಪಕ್ಕದ ಮಂಚದವರ ಹತ್ತಿರ ಇದೆ. ಇವತ್ತಿನ ನನ್ನ ಮಾತು ಆ ಟ್ಯೂಬಿನ ಬಗ್ಗೆಯೇ.

1985ರಲ್ಲಿ ನೈರೋಬಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯು ವಿವೇಕದ ಔಷಧ ಬಳಕೆಗೆ ನಾಲ್ಕು ಅಳತೆಗಳನ್ನು ಹೇಳಿತು: ರೋಗಕ್ಕೆ ತಕ್ಕ ಔಷಧ, ರೋಗಿಗೆ ತಕ್ಕ ಪ್ರಮಾಣ, ಬೇಕಾದಷ್ಟು ದಿನ, ಆದಷ್ಟು ಕಡಿಮೆ ಖರ್ಚು. ನಮ್ಮ ಟ್ಯೂಬನ್ನು ಈ ಅಳತೆಗೆ ಹಿಡಿದು ನೋಡೋಣ.

ಸೆಕೆ, ಬೆವರು, ಒದ್ದೆ ಬಟ್ಟೆ, ಒಂದೇ ಕೋಣೆಯಲ್ಲಿ ಹಲವರು. ಗಜಕರ್ಣಕ್ಕೆ ಇಷ್ಟು ಸಾಕು. ಇದು ಫಂಗಸ್‌ನಿಂದ ಬರುವ ರೋಗ. ಆದರೆ ಊರಿನ ಎಷ್ಟೋ ಟ್ಯೂಬುಗಳಲ್ಲಿ ಫಂಗಸ್ ಔಷಧದ ಜೊತೆ ಕ್ಲೊಬೆಟಸಾಲ್‌ನಂಥ ಪ್ರಬಲ ಸ್ಟೀರಾಯ್ಡ್ ಬೆರೆತಿರುತ್ತದೆ. ಸ್ಟೀರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಎರಡೇ ದಿನದಲ್ಲಿ ಅಡಗಿಸಬಹುದು. ನಾವು ವಾಸಿಯಾಯಿತು ಎಂದು ನಿಲ್ಲಿಸುತ್ತೇವೆ. ಒಳಗೆ ಫಂಗಸ್ ಹಬ್ಬುತ್ತಲೇ ಇರುತ್ತದೆ. ಮತ್ತೆ ಬಂದಾಗ ಅಗಲವಾಗಿ ಬರುತ್ತದೆ, ಚರ್ಮವೂ ತೆಳುವಾಗಿರುತ್ತದೆ.

ಭಾರತ ಸರ್ಕಾರ 2018ರ ಮಾರ್ಚ್‌ನಲ್ಲಿ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಅದೇ ಸೆಪ್ಟೆಂಬರ್‌ನಲ್ಲಿ 328 ಔಷಧ ಮಿಶ್ರಣಗಳನ್ನು ನಿಷೇಧಿಸಿತು. ಇಂಥ ಹಲವು ಚರ್ಮದ ಕ್ರೀಮುಗಳೂ ಅದರಲ್ಲಿದ್ದವು.

ಇದು ಊರಿನ ಸಮಸ್ಯೆ ಮಾತ್ರವಲ್ಲ. ಟರ್ಬಿನಾಫಿನ್ ಮಾತ್ರೆಗೂ ಬಗ್ಗದ ಫಂಗಸ್ ಭಾರತದಲ್ಲಿ ಹರಡಿ, 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಹೆಸರು ಪಡೆಯಿತು. ಅದಕ್ಕೂ ಒಂದು ವರ್ಷ ಮೊದಲೇ, ಬಹ್ರೈನಿನ ಒಂದು ಹಸುಗೂಸಿನ ಮೈಮೇಲೆ ಇದೇ ಭಾರತೀಯ ಬಗೆಯ ಫಂಗಸ್ ಕಂಡದ್ದನ್ನು ಜರ್ಮನಿಯ ವೈದ್ಯರು ವರದಿ ಮಾಡಿದ್ದರು. ಫಂಗಸ್‌ಗೆ ವೀಸಾ ಬೇಕಿಲ್ಲ.

ಕಜ್ಜಿಯ ಕಥೆ ಬೇರೆ. ಅದು ಹುಳದಿಂದ ಬರುವುದು. ಪರ್ಮೆಥ್ರಿನ್ 5% ಕ್ರೀಮನ್ನು ಕತ್ತಿನಿಂದ ಕೆಳಗೆ ಮೈಗೆಲ್ಲ ಹಚ್ಚಿ ರಾತ್ರಿಯಿಡೀ ಬಿಡಬೇಕು, ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ಕೋಣೆಯ ಎಲ್ಲರೂ ಒಂದೇ ದಿನ ಹಚ್ಚಬೇಕು. ಒಬ್ಬರಿಗೆ ಮಾತ್ರ ಚೀಟಿ ಬರೆದರೆ ಹುಳ ಮಂಚದಿಂದ ಮಂಚಕ್ಕೆ ಸುತ್ತುತ್ತಲೇ ಇರುತ್ತದೆ.

ವೈದ್ಯ ಮಿತ್ರರಿಗೂ ಒಂದು ಮಾತು. ಇಲ್ಲಿನ ಅರೇಬಿಯನ್ ಗಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಚೀಟಿಗಳಲ್ಲಿನ ತಪ್ಪುಗಳನ್ನು ಪರಿಶೀಲಿಸಿ ಪ್ರಕಟಿಸಿದ್ದಾರೆ. ಮುಲಾಮಿನ ಚೀಟಿಯಲ್ಲಿ ‘ಹಚ್ಚಿರಿ’ ಎಂದಷ್ಟೇ ಬರೆದರೆ ಸಾಲದು. ಎಲ್ಲಿ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂದು ಬರೆಯಬೇಕು. ಬೆರಳ ತುದಿಯ ಗೆಣ್ಣಿನುದ್ದಕ್ಕೆ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಇದನ್ನು ಬೆರಳು ತೋರಿಸಿಯೇ ಹೇಳಬಹುದು, ಭಾಷೆ ಬೇಕಿಲ್ಲ.

ಬಂಧುಗಳೇ, ಸ್ಟೀರಾಯ್ಡ್ ವಿಷವಲ್ಲ. ಎಕ್ಸಿಮಾಕ್ಕೆ ಅದೇ ಒಳ್ಳೆಯ ಮದ್ದು. ಬೇರೆಯವರ ಮದ್ದು ನಮ್ಮ ಕಾಯಿಲೆಗೆ ಬಂದಾಗ ತೊಂದರೆ. ಆದ್ದರಿಂದ ಕ್ಲಿನಿಕ್ಕಿನಲ್ಲಿ ಮೂರು ಪ್ರಶ್ನೆ ಕೇಳಿ: ಇದು ಯಾವ ಕಾಯಿಲೆ? ಈ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದೆಯೇ? ಎಷ್ಟು ದಿನ ಹಚ್ಚಬೇಕು? ಈಗಾಗಲೇ ಏನಾದರೂ ಹಚ್ಚಿದ್ದರೆ ಮುಚ್ಚಿಡಬೇಡಿ, ಟ್ಯೂಬನ್ನೇ ತಂದು ತೋರಿಸಿ. ಹೇಳಿದಷ್ಟು ದಿನ ಪೂರ್ತಿ ಹಚ್ಚಿ. ಊರಿಗೆ ಫೋನ್ ಮಾಡಿದಾಗ ಮನೆಯವರಿಗೂ ಇದನ್ನೇ ಹೇಳಿ.