ಒಂದು ನಿಮಿಷ ರೇಡಿಯೊ ಆರಿಸಿ!

ಅಮ್ಮನನ್ನು ಕೂರಿಸಿಕೊಂಡು ಹೈದರಾಬಾದಿನಿಂದ ಬೀದರಿಗೆ ಹೊರಟಿದ್ದೆ. ರಿವರ್ಸ್ ಹಾಕಿದೊಡನೆ ಕಾರಿನಡಿ 'ಧಡ್' ಅಂತ ಸದ್ದು. ರೇಡಿಯೊ ದನಿ ಏರಿಸಿ ಹೊರಟೇಬಿಟ್ಟೆ! ಜಹೀರಾಬಾದ್ ಹೊತ್ತಿಗೆ ಗೇರ್ ಕಡ್ಡಿಯೇ ಕುಣಿಯುತ್ತಿತ್ತು.

ತಪ್ಪಿತಸ್ಥ, ಗೇರ್‌ಬಾಕ್ಸ್ ಮೌಂಟಿಂಗ್. ಗೇರ್‌ಬಾಕ್ಸಿಗೂ ಗಾಡಿಯ ಚೌಕಟ್ಟಿಗೂ ನಡುವೆ ಕೂತು ಅದುರನ್ನು ನುಂಗುವ ರಬ್ಬರ್ ತುಂಡು. ಅದು ಹರಿದರೆ ಎಂಜಿನ್ ಮೌಂಟಿಂಗ್‌ಗಳ ಮೇಲೂ ಭಾರ. ಹೊಸದು ರಾಣಿಗಂಜಿನಲ್ಲಿ ಸಿಕ್ಕಿತು. ಮೆಕ್ಯಾನಿಕ್ ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಮರದ ತುಂಡಿಟ್ಟು ಜಾಕಿನಿಂದ ಗೇರ್‌ಬಾಕ್ಸಿಗೆ ಆಸರೆ ಕೊಟ್ಟು, ಬೋಲ್ಟು ಬಿಚ್ಚಿ ಬದಲಿಸಿದ. ಬರೀ ಜಾಕ್ ನಂಬಿ ಕಾರಿನಡಿ ಮಲಗಬೇಡಿ.

ನಿರೂಪಕ ಹೇಳಬಾರದ ಮಾತು, ಆದರೂ ಹೇಳುತ್ತೇನೆ: ವಾರಕ್ಕೊಮ್ಮೆ ಒಂದು ನಿಮಿಷ ರೇಡಿಯೊ ಆರಿಸಿ, ಗಾಡಿಯ ಮಾತು ಕೇಳಿ. ಆಮೇಲೆ ನಾವು ಇದ್ದೇ ಇದ್ದೇವೆ!